ಎಂಜಿನ್ ಕೂರುತ್ತಿಲ್ಲ, ಏನು ಕತ್ತರಿಸಲಿ? ಮನೆಯಲ್ಲಿ ವಿಮಾನ ಕಟ್ಟುವವರ ಪ್ರಶ್ನೆಗಳಿಗೆ ಉತ್ತರ

ಹಗುರ ವಿಮಾನ ಕಟ್ಟುತ್ತಿರುವ ಓದುಗರಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಜಾಗಕ್ಕೆ ಬಂದು ನಿಲ್ಲುತ್ತವೆ. ಬಾಡಿ ಸಿದ್ಧವಾಗಿದೆ, ಎಂಜಿನ್ ಸಿಕ್ಕಿದೆ, ಆದರೆ ಒಂದರೊಳಗೆ ಇನ್ನೊಂದು ಕೂರುತ್ತಿಲ್ಲ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಪ್ರಶ್ನೆಗಳನ್ನು ಆಯ್ದು ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಒಂದೇ ಸೀಟಿನ ಮರದ ವಿಮಾನಕ್ಕೆ 1600 ಸಿ.ಸಿ. ಫೋಕ್ಸ್‌ವ್ಯಾಗನ್ ಬೀಟಲ್ ಎಂಜಿನ್ ಕೂರಿಸುತ್ತಿದ್ದೇನೆ. ಸಂಪಿನ (ಆಯಿಲ್ ನಿಲ್ಲುವ ಭಾಗ) ತಳ ಕೌಲಿಂಗಿಗೆ (ಎಂಜಿನ್ ಮುಚ್ಚುವ ಹೊರಕವಚ) ತಾಗುತ್ತಿದೆ, 12 ಮಿ.ಮೀ. ಜಾಗ ಬೇಕು. ತಳದಲ್ಲಿರುವ ಫಿನ್‌ಗಳನ್ನು (ಶಾಖ ಬಿಡುವ ತೆಳು ಏಣುಗಳು) ಗ್ರೈಂಡ್ ಮಾಡಿ ತೆಗೆಯಬಹುದೇ? ಆಯಿಲ್ ಫಿಲ್ಟರ್ ಪೈಪಿಗೆ ಒಂದು ಬಾಸ್ (ಪೈಪ್ ಕೂರಿಸುವ ದಪ್ಪ ಉಬ್ಬು) ಕೂಡ ವೆಲ್ಡ್ ಮಾಡಿಸಬೇಕೆಂದಿದ್ದೇನೆ. (ಗುಬ್ಬಿ, ತುಮಕೂರು ಜಿಲ್ಲೆ)

ಎರಡೂ ಬೇಡ. ಈ ಎಂಜಿನ್ನಿನಲ್ಲಿ ಸಂಪ್ ಎಂದು ಬೇರೆ ಭಾಗವೇ ಇಲ್ಲ. ನೀವು ಕತ್ತರಿಸಲು ಹೊರಟಿರುವುದು ಎಂಜಿನ್ನಿನ ಮುಖ್ಯ ಶಾಫ್ಟಾದ ಕ್ರ್ಯಾಂಕನ್ನು ಹೊತ್ತ ಚಿಪ್ಪನ್ನೇ, ಅಂದರೆ ಕ್ರ್ಯಾಂಕ್‌ಕೇಸನ್ನೇ. ಕ್ರ್ಯಾಂಕಿನ ಬೇರಿಂಗ್‌ಗಳನ್ನು ಹಿಡಿದಿರುವುದು, ಸಿಲಿಂಡರ್ ಸ್ಟಡ್‌ಗಳು ಕಚ್ಚಿಕೊಂಡಿರುವುದು ಅದೇ ಎರಕದಲ್ಲಿ. ಆ ಎರಕ ಮೆಗ್ನೀಸಿಯಂ ಮಿಶ್ರಲೋಹ. ಅಲ್ಯೂಮಿನಿಯಂ ಎಂದುಕೊಂಡು ವೆಲ್ಡಿಂಗ್ ಅಂಗಡಿಗೆ ಕೊಟ್ಟರೆ ಸಾಮಾನ್ಯ ಫಿಲ್ಲರ್ ರಾಡ್ ಹಿಡಿಯುವುದಿಲ್ಲ. ಹಿಡಿದಂತೆ ಕಂಡರೂ ಪಕ್ಕದಲ್ಲೇ ಬಿರುಕು ಬಿಡುತ್ತದೆ, ಬಿಸಿಗೆ ಬೇರಿಂಗ್ ಸಾಲು ಸೊಟ್ಟಗಾಗುತ್ತದೆ. ಇನ್ನು ಗ್ರೈಂಡಿಂಗ್‌ನ ಅಪಾಯ ಬೇರೆಯೇ. ಮೆಗ್ನೀಸಿಯಂ ಪುಡಿ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಆ ಬೆಂಕಿಗೆ ನೀರು ಹಾಕಿದರೆ ಹೈಡ್ರೋಜನ್ ಹುಟ್ಟಿ ಇನ್ನಷ್ಟು ಭುಗಿಲೇಳುತ್ತದೆ. ಹೊಸ ತೂತು ಕೊರೆಯುವಾಗಲೂ ಪಕ್ಕದಲ್ಲಿ ಒಣ ಮರಳಿನ ಬಕೆಟ್ ಇರಲಿ, ನೀರಿನದಲ್ಲ.

ಫಿನ್‌ಗಳು ಅಂದಕ್ಕೆ ಇರುವುದಲ್ಲ. ಈ ಎಂಜಿನ್ನಿಗೆ ಹಿಡಿಯುವುದೇ ಎರಡೂವರೆ ಲೀಟರ್ ಆಯಿಲ್. ಅಷ್ಟರಲ್ಲೇ ನಯಗೊಳಿಸುವಿಕೆ, ಅಷ್ಟರಲ್ಲೇ ಒಂದು ಪಾಲು ಶಾಖದ ಸಾಗಾಟ. ಕಾರಿನಲ್ಲಿ ಪೂರ್ಣ ಥ್ರಾಟಲ್ ಕೆಲವೇ ಸೆಕೆಂಡು, ವಿಮಾನದಲ್ಲಿ ಏರುವಾಗ ಹತ್ತು ನಿಮಿಷ. ಆಯಿಲ್ 110 ಡಿಗ್ರಿ ಸೆಲ್ಸಿಯಸ್ ದಾಟದಂತೆ ಹಿಡಿದಿಡುವುದೇ ಈ ಎಂಜಿನ್ನಿನ ದೊಡ್ಡ ಸವಾಲಾಗಿರುವಾಗ ಫಿನ್ ತೆಗೆಯುವುದು ಕೈಯಾರೆ ತೊಂದರೆ ತಂದುಕೊಂಡಂತೆ.

ಬದಲಿಸಬೇಕಾದ್ದು ಕೌಲಿಂಗ್. ತಾಗುವ ಜಾಗದಲ್ಲಿ ಫೈಬರ್ ಗ್ಲಾಸ್ ಕತ್ತರಿಸಿ, ಹೊರಗೆ ಉಬ್ಬುವಂತೆ ಥರ್ಮೋಕೋಲ್ ಅಚ್ಚಿಟ್ಟು, ಎಪಾಕ್ಸಿಯಲ್ಲಿ ಮೂರು ಪದರ ಬಟ್ಟೆ ಹಾಕಿ. ಅಚ್ಚಿನ ಮೇಲೆ ಪಾಲಿಯೆಸ್ಟರ್ ರೆಸಿನ್ ಬಳಸಿದರೆ ಥರ್ಮೋಕೋಲ್ ಕರಗಿಹೋಗುತ್ತದೆ. ಗಮನಿಸಿ, 12 ಮಿ.ಮೀ. ಸಾಲದು. ರಬ್ಬರ್ ಮೌಂಟ್ ಮೇಲಿರುವ ಎಂಜಿನ್ ಸ್ಟಾರ್ಟ್ ಆಗುವಾಗ, ನಿಲ್ಲುವಾಗ ಜೋರಾಗಿ ಕುಲುಕುತ್ತದೆ. ಎಂಜಿನ್ನಿನ ಎಲ್ಲ ಭಾಗಕ್ಕೂ ಕೌಲಿಂಗಿಗೂ ನಡುವೆ 25 ಮಿ.ಮೀ. ಬಿಡಿ. ಎಕ್ಸಾಸ್ಟ್ ಇರುವ ಕಡೆ ಅದಕ್ಕೂ ಹೆಚ್ಚು ಬಿಟ್ಟು, ಒಳಮೈಗೆ ಶಾಖ ತಡೆಯುವ ಹಾಳೆ ಅಂಟಿಸಿ.

ಫಿಲ್ಟರಿಗೆ ವೆಲ್ಡಿಂಗ್ ಇಲ್ಲದೆ ದಾರಿಯಿದೆ. ಪಕ್ಕದಿಂದ ಆಯಿಲ್ ಹೊರಬಿಡುವ ಪಂಪ್ ಕವರ್ ಹಾಕಿ, ಪಂಪಿನಿಂದ ಕೇಸಿಗೆ ಹೋಗುವ ಮೂಲ ದಾರಿಯನ್ನು ಪ್ಲಗ್ ಮಾಡಿ. ಫಿಲ್ಟರ್ ದಾಟಿ ಬಂದ ಆಯಿಲನ್ನು ಮುಖ್ಯ ಗ್ಯಾಲರಿಗೆ (ಕೇಸಿನೊಳಗಿನ ಆಯಿಲ್ ದಾರಿ) ಕೊರೆದು ಟ್ಯಾಪ್ ಮಾಡಿದ ತೂತಿನಿಂದ ಒಳಬಿಡಿ. ಇದನ್ನು ಎಂಜಿನ್ ಪೂರ್ತಿ ಬಿಚ್ಚಿರುವಾಗ ಮಾತ್ರ ಮಾಡಬೇಕು. ಕೊರೆದ ಮೇಲೆ ಗ್ಯಾಲರಿಯ ಎಲ್ಲ ಪ್ಲಗ್‌ಗಳನ್ನೂ ತೆಗೆದು, ಉದ್ದನೆಯ ಬ್ರಷ್ ಹಾಕಿ, ಸೀಮೆಎಣ್ಣೆಯಲ್ಲಿ ತೊಳೆದು, ಗಾಳಿ ಬಿಟ್ಟು, ಬಿಳಿ ಬಟ್ಟೆಯಲ್ಲಿ ಕಪ್ಪು ಚೂರು ಬಾರದವರೆಗೆ ಮತ್ತೆ ತೊಳೆಯಿರಿ. ಫಿಲ್ಟರಿನ ಆಚೆ ಉಳಿದ ಒಂದು ಚೂರು ನೇರವಾಗಿ ಮೇನ್ ಬೇರಿಂಗಿಗೆ ಹೋಗುತ್ತದೆ.

ಪ್ರಶ್ನೆ: ನಮ್ಮದು ಲೇತ್ ಅಂಗಡಿ. ಅದೇ ಎಂಜಿನ್ನಿಗೆ ಪ್ರೊಪೆಲ್ಲರ್ ಹಬ್ (ಶಾಫ್ಟಿಗೆ ಪ್ರೊಪೆಲ್ಲರ್ ಕೂರಿಸುವ ಭಾಗ) ಮಾಡಿಕೊಡಲು ಕೇಳಿದ್ದಾರೆ. ಮೂಗು ಚೂಪಾಗಿ ಕಾಣಲಿ ಎಂದು 100 ಮಿ.ಮೀ. ಎಕ್ಸ್‌ಟೆನ್ಷನ್ ಕೂಡ ಬೇಕಂತೆ. ಇಎನ್8 ಉಕ್ಕಿನ ಸರಳಿನಲ್ಲಿ ಮಾಡಬಹುದೇ? (ಕೆ.ಜಿ.ಎಫ್., ಕೋಲಾರ ಜಿಲ್ಲೆ)

ಕೆಲಸ ಒಪ್ಪಿಕೊಳ್ಳುವ ಮೊದಲೇ ಕೇಳಿದ್ದು ಬಹಳ ಒಳ್ಳೆಯದಾಯಿತು. ಇಡೀ ವಿಮಾನದಲ್ಲಿ ಮುರಿದರೆ ಎರಡನೇ ಅವಕಾಶ ಕೊಡದ ಭಾಗಗಳಲ್ಲಿ ಇದೂ ಒಂದು.

ಮೊದಲು ಹೊರೆ ಎಲ್ಲಿ ಬೀಳುತ್ತದೆ ನೋಡಿ. ಕಾರಿನಲ್ಲಿ ಕ್ರ್ಯಾಂಕಿನ ಪುಲ್ಲಿ ತುದಿ ಒಂದು ಫ್ಯಾನ್ ಬೆಲ್ಟ್ ತಿರುಗಿಸುತ್ತದೆ, ಅಷ್ಟೇ. ಅಲ್ಲಿರುವ ನಾಲ್ಕನೇ ಬೇರಿಂಗ್ 40 ಮಿ.ಮೀ. ವ್ಯಾಸದ್ದು, ಅಗಲವೂ ಕಡಿಮೆ. ವಿಮಾನದಲ್ಲಿ ಪ್ರೊಪೆಲ್ಲರ್ ಕೂರುವುದು ಅದೇ ತುದಿಗೆ. ಮೂಗು ಮೇಲೆತ್ತಿದಾಗ, ಪಕ್ಕಕ್ಕೆ ತಿರುಗಿಸಿದಾಗ ಸುತ್ತುತ್ತಿರುವ ಪ್ರೊಪೆಲ್ಲರ್ ಗೈರೋಸ್ಕೋಪಿನ ಹಾಗೆ ವಿರೋಧಿಸಿ ಶಾಫ್ಟನ್ನು ಬಾಗಿಸಲು ನೋಡುತ್ತದೆ. ಆ ಬಾಗುವಿಕೆ ಪ್ರತಿ ಸುತ್ತಿಗೂ ದಿಕ್ಕು ಬದಲಿಸುವುದರಿಂದ ಲೋಹ ದಣಿಯುತ್ತದೆ. ಪ್ರೊಪೆಲ್ಲರನ್ನು ಬೇರಿಂಗಿನಿಂದ ಮುಂದಕ್ಕೆ ಸರಿಸಿದರೆ ಅದರ ತೂಕ ಮತ್ತು ನಡುಕದ ಸನ್ನೆ ಉದ್ದವಾಗುತ್ತದೆ. ಆದ್ದರಿಂದ ಮಾಮೂಲಿ ನಾಲ್ಕನೇ ಬೇರಿಂಗ್ ಇರುವ ಎಂಜಿನ್ನಿಗೆ 100 ಮಿ.ಮೀ. ಎಕ್ಸ್‌ಟೆನ್ಷನ್ ಮಾಡಿಕೊಡಬೇಡಿ. ಮೂಗು ಚೂಪಾಗಲೇಬೇಕೆಂದರೆ ನಾಲ್ಕನೇ ಬೇರಿಂಗಿನ ಜಾಗವನ್ನು ದೊಡ್ಡದು ಮಾಡಿ, ಹಬ್ಬೇ ಬೇರಿಂಗಿನಲ್ಲಿ ತಿರುಗುವಂತೆ ಮಾಡುವ ಪದ್ಧತಿಯಿದೆ. ಅದಕ್ಕೆ ಕೇಸನ್ನು ಲೈನ್ ಬೋರ್ ಮಾಡಿಸಬೇಕು, ಅಂದರೆ ಬೇರಿಂಗ್ ಜಾಗಗಳನ್ನು ಒಂದೇ ನೇರಕ್ಕೆ ಕೊರೆಸಬೇಕು.

ಇಎನ್8 ಬೇಡ. ಹದಗೊಳಿಸಿದ ಇಎನ್24 ಬಳಸಿ, ಮೆಟೀರಿಯಲ್ ಟೆಸ್ಟ್ ಸರ್ಟಿಫಿಕೇಟ್ ಇರುವ ಸರಳನ್ನೇ ತನ್ನಿ. ಶ್ರಿಂಕ್ ಫಿಟ್ ಮಾಡುವುದಾದರೆ ವ್ಯಾಸದ ಸಾವಿರದಲ್ಲೊಂದು ಭಾಗ ಬಿಗಿ ಇಟ್ಟುಕೊಳ್ಳಿ. ಅಂದರೆ 40 ಮಿ.ಮೀ. ಶಾಫ್ಟಿಗೆ ರಂಧ್ರ 0.04 ಮಿ.ಮೀ. ಚಿಕ್ಕದು. ಹಬ್ಬನ್ನು ಕೋಣೆಯ ಉಷ್ಣಾಂಶಕ್ಕಿಂತ 200 ಡಿಗ್ರಿ ಹೆಚ್ಚಿಗೆ ಓವನ್ನಿನಲ್ಲಿ ಕಾಯಿಸಿದರೆ ರಂಧ್ರ ಸುಮಾರು 0.09 ಮಿ.ಮೀ. ಹಿಗ್ಗಿ, ತೂರಿಸಲು 0.05 ಮಿ.ಮೀ. ಸಡಿಲ ಸಿಗುತ್ತದೆ. ಗ್ಯಾಸ್ ಟಾರ್ಚಿನಲ್ಲಿ ಕಾಯಿಸಬೇಡಿ, ಒಂದು ಬದಿ ಹೆಚ್ಚು ಬಿಸಿಯಾಗಿ ಹದ ಹೋಗುತ್ತದೆ. ಒಂದೇ ಏಟಿಗೆ ಪೂರ್ತಿ ಒಳಗೆ ಹೋಗಬೇಕು, ಅರ್ಧದಲ್ಲಿ ಕಚ್ಚಿದರೆ ಹೊರಬರುವುದಿಲ್ಲ. ಟೇಪರ್ ಫಿಟ್ ಆದರೆ ಗುರುತು ಮೂಡಿಸುವ ನೀಲಿ ಬಣ್ಣ ಹಚ್ಚಿ ನೋಡಿ, ಶೇ. 80ರಷ್ಟಾದರೂ ಮೈ ತಾಗಿರಬೇಕು.

ವ್ಯಾಸ ಬದಲಾಗುವ ಮೂಲೆಯಲ್ಲಿ ಚೂಪು ಕೋನ ಬಿಡಬೇಡಿ. 2 ಮಿ.ಮೀ. ರೇಡಿಯಸ್ ಇಟ್ಟು, ಟೂಲಿನ ಗೀರು ಕಾಣದಂತೆ ಪಾಲಿಶ್ ಮಾಡಿ. ಮುರಿದ ಶಾಫ್ಟ್‌ಗಳ ಒಡಕು ಶುರುವಾಗುವುದು ಬಹುಪಾಲು ಅಂಥ ಮೂಲೆಯಲ್ಲಿ ಅಥವಾ ಕೀವೇಯ ತುದಿಯಲ್ಲಿ. ಹಳೆಯ ಕ್ರ್ಯಾಂಕ್ ಆದರೆ ಜೋಡಿಸುವ ಮೊದಲು ಕಣ್ಣಿಗೆ ಕಾಣದ ಬಿರುಕು ತೋರಿಸುವ ಮ್ಯಾಗ್ನೆಟಿಕ್ ಪಾರ್ಟಿಕಲ್ ಪರೀಕ್ಷೆ ಮಾಡಿಸಲು ಹೇಳಿ. ಕೊನೆಗೆ ಡಯಲ್ ಇಟ್ಟು ಹಬ್ ಮುಖದ ರನ್‌ಔಟ್ (ತಿರುಗುವಾಗಿನ ಓಲಾಟ) ನೋಡಿ, 0.05 ಮಿ.ಮೀ. ದಾಟಬಾರದು.

ಎಂಜಿನ್ ಕಟ್ಟುವವರಿಗೊಂದು ಮಾತು: ಪ್ರೊಪೆಲ್ಲರ್ ಎಳೆಯುವ ಬಲವನ್ನೆಲ್ಲ ತಡೆಯುವುದು ಹಿಂದಿನ ತುದಿಯ, ಫ್ಲೈವೀಲ್ ಪಕ್ಕದ, ಒಂದನೇ ಬೇರಿಂಗ್. ಅಲ್ಲಿ ಮೂರು ಶಿಮ್ (ತೆಳು ಬಿಲ್ಲೆ) ಹಾಕಿ ಎಂಡ್ ಪ್ಲೇಯನ್ನು (ಕ್ರ್ಯಾಂಕ್ ಹಿಂದೆ ಮುಂದೆ ಸರಿಯುವ ಸಡಿಲ) 0.07ರಿಂದ 0.13 ಮಿ.ಮೀ. ಒಳಗೆ ತನ್ನಿ. ಭಾರ ಕಡಿಮೆಯಾಗಲಿ ಎಂದು ಫ್ಲೈವೀಲ್ ತೆಗೆದುಹಾಕಿ ಆ ಶಿಮ್‌ಗಳಿಗೆ ಆಸರೆಯೇ ಇಲ್ಲದಂತೆ ಮಾಡಿದವರ ಎಂಜಿನ್‌ಗಳಲ್ಲಿ ಕ್ರ್ಯಾಂಕ್ ಮುಂದಕ್ಕೆ ಸರಿದು ಕೇಸನ್ನೇ ಉಜ್ಜುತ್ತದೆ.

ಮರದ ಪ್ರೊಪೆಲ್ಲರ್ ಬೋಲ್ಟ್‌ಗಳ ಟಾರ್ಕ್ ತಯಾರಕರು ಕೊಟ್ಟ ಹಾಳೆಯಂತೆ ಇರಲಿ. ಮೊದಲ ಓಟದ ನಂತರ, ಹತ್ತು ಗಂಟೆಯ ನಂತರ, ಆಮೇಲೆ ಋತು ಬದಲಾದಾಗಲೆಲ್ಲ ಮತ್ತೆ ನೋಡಬೇಕು. ಮಳೆಗಾಲದಲ್ಲಿ ಉಬ್ಬಿದ ಮರ ನಮ್ಮ ಬಯಲುಸೀಮೆಯ ಫೆಬ್ರವರಿ ಒಣಗಾಳಿಗೆ ಕುಗ್ಗಿ, ಬೋಲ್ಟ್ ಬಿಗಿಯಾಗಿ ಕಂಡರೂ ಹಿಡಿತ ಹೋಗಿರುತ್ತದೆ.

ಪ್ರಶ್ನೆ: ಫೋಕ್ಸ್‌ವ್ಯಾಗನ್ ಎಂಜಿನ್ನಿಗೆ 85.5 ಮಿ.ಮೀ. ಬದಲು 88 ಮಿ.ಮೀ. ಬ್ಯಾರಲ್ (ಸಿಲಿಂಡರ್ ಕೊಳವೆ) ಹಾಕಿದರೆ ಕೇಸ್ ಕೊರೆಯದೆಯೇ ಶಕ್ತಿ ಹೆಚ್ಚುತ್ತದಂತೆ. ಕಂಪ್ರೆಷನ್ (ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ ಎಂಬುದು) ಎಷ್ಟಿಡಬೇಕು? (ತಿಪಟೂರು)

88ರ ಬ್ಯಾರಲ್ ಹಳೆಯ ತೂತಿಗೇ ಇಳಿಯುತ್ತದೆ ಎಂಬುದೇ ಅದರ ದೋಷ. ಹೊರವ್ಯಾಸ ಅಷ್ಟೇ ಉಳಿದು ಒಳವ್ಯಾಸ ಹೆಚ್ಚಿದರೆ ಗೋಡೆ ತೆಳುವಾಗುತ್ತದೆ, ಬಿಸಿಗೆ ಗುಂಡಗೆ ಉಳಿಯುವುದಿಲ್ಲ, ರಿಂಗ್ ಗಾಳಿ ಬಿಡುತ್ತದೆ. ದೊಡ್ಡದು ಮಾಡಲೇಬೇಕೆಂದರೆ ಕೇಸ್ ಮತ್ತು ಹೆಡ್ ಕೊರೆಸಿ ದಪ್ಪ ಗೋಡೆಯ 92 ಮಿ.ಮೀ. ಬ್ಯಾರಲ್ ಹಾಕಿ. 69 ಮಿ.ಮೀ. ಸ್ಟ್ರೋಕಿನಲ್ಲಿ ಅದು 1835 ಸಿ.ಸಿ. ಆಗುತ್ತದೆ.

ಕಂಪ್ರೆಷನ್ನನ್ನು ಅಂದಾಜಿನಲ್ಲಿ ಇಡಬೇಡಿ, ಅಳೆಯಿರಿ. ವಾಲ್ವ್ ಮತ್ತು ಪ್ಲಗ್ ಹಾಕಿದ ಹೆಡ್ಡನ್ನು ಮಟ್ಟವಾಗಿ ಮಲಗಿಸಿ, ಗ್ರೀಸ್ ಹಚ್ಚಿದ ಅಕ್ರಿಲಿಕ್ ಹಾಳೆ ಮುಚ್ಚಿ, ಅದರ ತೂತಿನಿಂದ ಬ್ಯೂರೆಟ್ಟಿನಲ್ಲಿ ಬಣ್ಣ ಕಲಸಿದ ಸ್ಪಿರಿಟ್ ಬಿಡಿ. 50 ಸಿ.ಸಿ. ಹಿಡಿಯಿತು ಎಂದುಕೊಳ್ಳೋಣ. 85.5ರ ಬೋರಿನಲ್ಲಿ ಪಿಸ್ಟನ್ ಮೇಲೆ ಉಳಿಯುವ ಪ್ರತಿ ಮಿ.ಮೀ. ಎತ್ತರಕ್ಕೆ 5.74 ಸಿ.ಸಿ., ಆದ್ದರಿಂದ 1.5 ಮಿ.ಮೀ.ಗೆ 8.6. ಒಟ್ಟು 58.6. ಒಂದು ಸಿಲಿಂಡರಿನ ಗಾತ್ರ 396 ಸಿ.ಸಿ. ಎರಡನ್ನೂ ಕೂಡಿಸಿ 58.6ರಿಂದ ಭಾಗಿಸಿದರೆ 7.76. ಒಂದೇ ಪ್ಲಗ್ಗಿನ ಹೆಡ್ಡಿಗೆ, ನಮ್ಮ ಬೇಸಿಗೆಗೆ, 7.5ರ ಆಸುಪಾಸು ಕ್ಷೇಮ. ಬ್ಯಾರಲ್ ಕೆಳಗೆ 0.4 ಮಿ.ಮೀ. ಶಿಮ್ ಹಾಕಿದರೆ ಅಲ್ಲಿಗೆ ಬರುತ್ತದೆ. ಶಿಮ್ ಹಾಕಿದ ಮೇಲೆ ರಾಕರ್ ಕೋನ ಮತ್ತು ಪುಶ್‌ರಾಡ್ ಉದ್ದ ಮರುಪರೀಕ್ಷಿಸುವುದನ್ನು ಮರೆಯಬೇಡಿ. ಕಂಪ್ರೆಷನ್ ಏರಿಸಿ ಸಿಗುವ ಒಂದೆರಡು ಅಶ್ವಶಕ್ತಿಗಿಂತ ತಣ್ಣಗಿರುವ ಹೆಡ್ ದೊಡ್ಡದು. ಸಿಲಿಂಡರ್ ಹೆಡ್ 200 ಡಿಗ್ರಿ ಮೀರಿ ಸತತವಾಗಿ ಓಡಿದರೆ ಎಕ್ಸಾಸ್ಟ್ ವಾಲ್ವಿನ ಆಯಸ್ಸು ಮುಗಿಯುತ್ತ ಬಂದಂತೆ.

ಪ್ರಶ್ನೆ: ಹಳೆಯ ಮಾರುತಿ 800 ಎಂಜಿನ್ ಇದೆ. 1.5 ಮೀಟರ್ ಪ್ರೊಪೆಲ್ಲರನ್ನು ನೇರವಾಗಿ ಫ್ಲೈವೀಲ್ ಕಡೆಗೆ ಕೂರಿಸಬಹುದೇ? (ಗೌರಿಬಿದನೂರು)

ಇಲ್ಲ. 796 ಸಿ.ಸಿ.ಯ ಆ ಕಾರ್ಬುರೇಟರ್ ಎಂಜಿನ್ ತನ್ನ ಸುಮಾರು 37 ಅಶ್ವಶಕ್ತಿ ಕೊಡುವುದು 5000 ಸುತ್ತಿನಲ್ಲಿ. ಆ ವೇಗದಲ್ಲಿ 1.5 ಮೀಟರ್ ಪ್ರೊಪೆಲ್ಲರಿನ ತುದಿ ಸೆಕೆಂಡಿಗೆ 393 ಮೀಟರ್ ಓಡುತ್ತದೆ, ಶಬ್ದದ ವೇಗಕ್ಕಿಂತ ಹೆಚ್ಚು. ಆಗ ಸದ್ದು ಮಾತ್ರ ಬರುತ್ತದೆ, ಎಳೆತ ಬರುವುದಿಲ್ಲ. ಎರಡಕ್ಕೊಂದು ರಿಡಕ್ಷನ್ ಇಟ್ಟರೆ ತುದಿವೇಗ 196 ಮೀಟರಿಗೆ ಇಳಿದು ಕೆಲಸಕ್ಕೆ ಬರುತ್ತದೆ.

ಹಲ್ಲಿನ ಬೆಲ್ಟ್ ಬಳಸುವುದಾದರೆ ಪುಲ್ಲಿಯನ್ನು ಬರಿಯ ಕ್ರ್ಯಾಂಕ್ ತುದಿಗೆ ನೇತುಹಾಕಬೇಡಿ. ಲೆಕ್ಕ ಹೀಗಿದೆ: ಪೂರ್ಣ ಶಕ್ತಿಯಲ್ಲಿ ಟಾರ್ಕ್ ಸುಮಾರು 53 ನ್ಯೂಟನ್ ಮೀಟರ್, ಪುಲ್ಲಿಯ ತ್ರಿಜ್ಯ 50 ಮಿ.ಮೀ. ಆದರೆ ಬೆಲ್ಟಿನ ಎರಡು ಬದಿಯ ಎಳೆತದ ವ್ಯತ್ಯಾಸವೇ 1060 ನ್ಯೂಟನ್. ಮೊದಲೇ ಕೊಟ್ಟ ಬಿಗಿಯೂ ಸೇರಿ ಒಂದೂವರೆ ಕ್ವಿಂಟಾಲ್ ಭಾರ ಸದಾ ಪಕ್ಕಕ್ಕೆ ಎಳೆಯುತ್ತಿರುತ್ತದೆ. ಅದಕ್ಕೆಂದೇ ಪುಲ್ಲಿಯ ಹೊರತುದಿಗೆ ಪ್ಲೇಟಿನಲ್ಲಿ ಕೂರಿಸಿದ ಬೇರಿಂಗ್ ಆಸರೆ ಬೇಕು. ಫ್ಲೈವೀಲ್ ತೆಗೆಯುವ ಆಸೆಯೂ ಬೇಡ. ಮೂರು ಸಿಲಿಂಡರ್ ಎಂಜಿನ್ ಸುತ್ತಿಗೆ ಒಂದೂವರೆ ಸಲ ಮಾತ್ರ ಒದೆಯುತ್ತದೆ. ನಿಧಾನ ಓಟದಲ್ಲಿ ಆ ಒದೆತ ಬೆಲ್ಟ್ ಮತ್ತು ಪ್ರೊಪೆಲ್ಲರಿನ ಸಹಜ ತೂಗಾಟಕ್ಕೆ ತಾಳ ಸೇರಿದರೆ ಬೆಲ್ಟ್ ಹಲ್ಲು ಕಿತ್ತುಬರುತ್ತದೆ, ಶಾಫ್ಟ್ ಕೀ ಕತ್ತರಿಸುತ್ತದೆ. ಐಡಲ್ ವೇಗವನ್ನು ಆ ನಡುಕದ ಮೇಲಕ್ಕೆ ಇಟ್ಟು, ಅದರ ಮೂಲಕ ಬೇಗ ದಾಟಿಸಿ.

ಪ್ರಶ್ನೆ: ಬಂಕಿನ ಇ20 (ಶೇ. 20 ಎಥನಾಲ್ ಬೆರೆತ) ಪೆಟ್ರೋಲ್ ಹಾಕಿದರೆ ಕಾರ್ಬುರೇಟರಿನ ಜೆಟ್ (ಪೆಟ್ರೋಲ್ ಬಿಡುವ ಸಣ್ಣ ತೂತು) ದೊಡ್ಡದು ಮಾಡಬೇಕೇ? (ಮಾಲೂರು)

ಜೆಟ್ ಮುಟ್ಟುವ ಮೊದಲು ಟ್ಯಾಂಕ್ ಮತ್ತು ಪೈಪ್ ನೋಡಿ. ಎಥನಾಲ್ ಹಲವು ಬಗೆಯ ರೆಸಿನ್ನನ್ನು ಮೆತ್ತಗೆ ಮಾಡಿ, ಹಳೆಯ ರಬ್ಬರನ್ನು ಉಬ್ಬಿಸಿ, ಆ ಅಂಟನ್ನೆಲ್ಲ ಕಾರ್ಬುರೇಟರಿಗೆ ತರುತ್ತದೆ. ಫೈಬರ್ ಟ್ಯಾಂಕಿನ ರೆಸಿನ್ ತುಂಡೊಂದನ್ನು ಅದೇ ಪೆಟ್ರೋಲಿನ ಬಾಟಲಿಯಲ್ಲಿ ಒಂದು ತಿಂಗಳು ಮುಳುಗಿಸಿಡಿ. ಉಗುರಿನ ಗೆರೆ ಮೂಡಿದರೆ ಆ ಟ್ಯಾಂಕ್ ಬೇಡ. ಪೈಪ್ ಫ್ಲೋರೋಎಲಾಸ್ಟೋಮರ್ ಒಳಪದರದ್ದಾಗಿರಲಿ. ರೋಟ್ಯಾಕ್ಸ್ 912 ವಿಮಾನ ಎಂಜಿನ್ ಇರುವವರಿಗೆ ಮಿತಿ ಇ10, ಅದನ್ನು ದಾಟಬೇಡಿ.

ಎಥನಾಲ್ ಎಷ್ಟಿದೆ ಎಂದು ನೀವೇ ಪರೀಕ್ಷಿಸಬಹುದು. 100 ಮಿ.ಲೀ. ಅಳತೆ ಜಾಡಿಗೆ 10 ಮಿ.ಲೀ. ನೀರು, 90 ಮಿ.ಲೀ. ಪೆಟ್ರೋಲ್ ಹಾಕಿ, ಮುಚ್ಚಿ ಕುಲುಕಿ, ಹತ್ತು ನಿಮಿಷ ಬಿಡಿ. ಎಥನಾಲ್ ಇಲ್ಲದಿದ್ದರೆ ತಳದ ಪದರ 10ರಲ್ಲೇ ಇರುತ್ತದೆ. ಇ20 ಆದರೆ 25ರ ಆಸುಪಾಸಿಗೆ ಏರುತ್ತದೆ. ಟ್ಯಾಂಕಿಗೆ ನೀರು ಸೇರಿದರೂ ಆಗುವುದು ಇದೇ: ಎಥನಾಲ್ ನೀರಿನ ಜೊತೆ ತಳಕ್ಕಿಳಿದು ಎಂಜಿನ್ನಿಗೆ ಮೊದಲು ಅದೇ ಹೋಗುತ್ತದೆ.

ಇನ್ನು ಜೆಟ್. ಇ20ಕ್ಕೆ ಶುದ್ಧ ಪೆಟ್ರೋಲಿಗಿಂತ ಗಾಳಿ ಕಡಿಮೆ ಸಾಕು, ಆದ್ದರಿಂದ ಅದೇ ಜೆಟ್ಟಿನಲ್ಲಿ ಮಿಶ್ರಣ ಸುಮಾರು ಶೇ. 8 ತೆಳುವಾಗುತ್ತದೆ. ಆದರೆ ಕೋಲಾರದ ಕಡೆ ನೆಲವೇ ಸಮುದ್ರಮಟ್ಟದಿಂದ 800 ಮೀಟರ್ ಮೇಲಿದೆ. ಏಪ್ರಿಲ್ ಮಧ್ಯಾಹ್ನದ 36 ಡಿಗ್ರಿಯಲ್ಲಿ ಗಾಳಿಯ ಸಾಂದ್ರತೆ 1800 ಮೀಟರ್ ಎತ್ತರದಲ್ಲಿರುವಷ್ಟಕ್ಕೆ ಇಳಿದು, ಸಮುದ್ರಮಟ್ಟಕ್ಕೆ ಹೊಂದಿಸಿದ ಕಾರ್ಬುರೇಟರ್ ಶೇ. 9ರಷ್ಟು ದಪ್ಪ ಮಿಶ್ರಣ ಕೊಡುತ್ತದೆ. ಎರಡೂ ಹೆಚ್ಚುಕಡಿಮೆ ಸರಿದೂಗುತ್ತವೆ. ಇದನ್ನು ನಂಬಿ ಏಪ್ರಿಲ್‌ನಲ್ಲಿ ಹೊಂದಿಸಿ ಬಿಟ್ಟರೆ ಡಿಸೆಂಬರ್ ಬೆಳಗಿನ 12 ಡಿಗ್ರಿಯಲ್ಲಿ ಮಿಶ್ರಣ ತೆಳುವಾಗಿ ಪಿಸ್ಟನ್ನಿಗೆ ಕುತ್ತು. ಜೆಟ್ಟನ್ನು ಚಳಿಯ ಬೆಳಗಿಗೆ ಹೊಂದಿಸಿ, ಪ್ರತಿ ಸಿಲಿಂಡರಿನ ಪ್ಲಗ್ ಬಣ್ಣ ಮತ್ತು ಎಕ್ಸಾಸ್ಟ್ ಉಷ್ಣಾಂಶ ನೋಡಿ. ಬೇಸಿಗೆಯಲ್ಲಿ ಸ್ವಲ್ಪ ದಪ್ಪ ಓಡಿದರೆ ನಷ್ಟ ಪೆಟ್ರೋಲಿನದು ಮಾತ್ರ. ಅಂದಹಾಗೆ, ಅದೇ ಏಪ್ರಿಲ್ ಮಧ್ಯಾಹ್ನ 60 ಅಶ್ವಶಕ್ತಿಯ ಎಂಜಿನ್ ಕೊಡುವುದು 49ರಷ್ಟು. ರನ್‌ವೇ ಉದ್ದದ ಲೆಕ್ಕ ಅದರಲ್ಲೇ ಹಾಕಿ.

ಪ್ರಶ್ನೆ: ವಿಮಾನ ಸಿದ್ಧವಾದರೆ ನಮ್ಮದೇ ಹೊಲದಿಂದ ಹಾರಿಸಬಹುದಲ್ಲವೇ? (ಪಾವಗಡ)

ಅನುಮತಿಯಿಲ್ಲದೆ ಆಗದು. ವಿಮಾನಕ್ಕೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನೋಂದಣಿ, 'ವಿಟಿ' ಅಕ್ಷರದ ಗುರುತು, ಹಾರಾಟದ ಅನುಮತಿ ಬೇಕು. ಹಾರಿಸುವವರಿಗೆ ಲೈಸೆನ್ಸ್ ಬೇಕು. 2025ರ ಜನವರಿ 1ರಿಂದ ಹಳೆಯ 1934ರ ಕಾಯ್ದೆಯ ಜಾಗಕ್ಕೆ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ. ಮುಂಬೈನ ಪೈಲಟ್ ಅಮೋಲ್ ಯಾದವ್ ತಾರಸಿಯ ಮೇಲೆ ಕಟ್ಟಿದ ವಿಮಾನಕ್ಕೆ 2017ರಲ್ಲಿ ನೋಂದಣಿ, 2019ರಲ್ಲಿ ಹಾರಾಟದ ಅನುಮತಿ ಸಿಕ್ಕಿತು. ತಡವಾದರೂ ದಾರಿ ಇದೆ. ಮೊದಲ ಸರಳು ಕತ್ತರಿಸುವ ಮುನ್ನವೇ ಬೆಂಗಳೂರಿನ ಕಚೇರಿಗೆ ನಕ್ಷೆ, ಎಂಜಿನ್ ವಿವರ ಒಯ್ಯಿರಿ. ಮಾಡಿದ ಪ್ರತಿ ಬದಲಾವಣೆಗೂ ಫೋಟೊ, ಅಳತೆ, ಮೆಟೀರಿಯಲ್ ಬಿಲ್ ಇಟ್ಟುಕೊಳ್ಳಿ. ಚಿಕ್ಕಬಳ್ಳಾಪುರ ಕಡೆಯವರು ದೇವನಹಳ್ಳಿ ನಿಲ್ದಾಣದ ನಿಯಂತ್ರಿತ ವಾಯುಪ್ರದೇಶ ಪಕ್ಕದಲ್ಲೇ ಇದೆಯೆಂಬುದನ್ನು ವಿಶೇಷವಾಗಿ ನೆನಪಿಡಬೇಕು.

ಪ್ರಶ್ನೆ: ಮ್ಯಾಗ್ನೆಟೋ (ಪ್ಲಗ್ಗಿನ ಕಿಡಿಗೆ ವಿದ್ಯುತ್ ಕೊಡುವ ಭಾಗ) ಫೈರ್‌ವಾಲ್‌ಗೆ (ಎಂಜಿನ್ ಹಿಂದಿನ ಬೆಂಕಿ ತಡೆಗೋಡೆ) ತಾಗುತ್ತದೆ. ಎಂಜಿನ್ ಮೌಂಟನ್ನು 40 ಮಿ.ಮೀ. ಉದ್ದ ಮಾಡಿದರೆ ಏನಾದರೂ ಕೆಡುತ್ತದೆಯೇ? (ಚಿಂತಾಮಣಿ)

ಮ್ಯಾಗ್ನೆಟೋ ಕವಚ ಕತ್ತರಿಸುವುದಕ್ಕಿಂತ ಇದೇ ಸರಿಯಾದ ದಾರಿ. 75 ಕಿಲೋ ಎಂಜಿನ್ 40 ಮಿ.ಮೀ. ಮುಂದೆ ಹೋದರೆ, 300 ಕಿಲೋ ವಿಮಾನದ ತೂಕದ ಕೇಂದ್ರ 10 ಮಿ.ಮೀ. ಮುಂದಕ್ಕೆ ಬರುತ್ತದೆ. ಬ್ಯಾಟರಿಯನ್ನು ಹಿಂದಕ್ಕೆ ಸರಿಸಿ ಅದನ್ನು ತುಂಬಿಸಬಹುದು: 5 ಕಿಲೋ ಬ್ಯಾಟರಿ 600 ಮಿ.ಮೀ. ಹಿಂದೆ ಹೋದರೆ ಲೆಕ್ಕ ಸಮ. ಹಳೆಯ ಕೊಳವೆಗೆ ತುಂಡು ಸೇರಿಸಿ ಬೆಸುಗೆ ಹಾಕಬೇಡಿ, 4130 ಕ್ರೋಮೋಲಿ ಉಕ್ಕಿನ ಕೊಳವೆಯಲ್ಲಿ ಹೊಸದೇ ಮಾಡಿ. ತುದಿಗಳನ್ನು ಮೀನಿನ ಬಾಯಿಯಾಕಾರಕ್ಕೆ ಅರೆದು, ಸಂದು ಕಾಣದಂತೆ ಕೂರಿಸಿ, ಜಿಗ್‌ನಲ್ಲಿ ಹಿಡಿದು ಟಿಗ್ ವೆಲ್ಡ್ ಮಾಡಿಸಿ, ಗಾಳಿಯಿಲ್ಲದ ಕಡೆ ನಿಧಾನ ತಣಿಯಲು ಬಿಡಿ. ನೀರು ಎರಚಿದರೆ ಬೆಸುಗೆಯ ಅಂಚು ಗಾಜಿನಂತೆ ಪೆಡಸಾಗುತ್ತದೆ.

ಪ್ರಶ್ನೆ: ಕೌಲಿಂಗಿನೊಳಗೆ ಜಾಗ ಸಾಲದು. ಕಾರ್ಬುರೇಟರ್ ಹೀಟ್ ಬಾಕ್ಸ್ (ಅದಕ್ಕೆ ಬಿಸಿಗಾಳಿ ಕೊಡುವ ಪೆಟ್ಟಿಗೆ) ತೆಗೆದುಬಿಡಲೇ? ನಮ್ಮದು ಬಿಸಿಲ ನಾಡಲ್ಲವೇ? (ಚಿಕ್ಕಬಳ್ಳಾಪುರ)

ಖಂಡಿತ ತೆಗೆಯಬೇಡಿ. ಕಾರ್ಬುರೇಟರಿನಲ್ಲಿ ಮಂಜುಗಡ್ಡೆ ಕಟ್ಟಲು ಹೊರಗೆ ಸೊನ್ನೆ ಡಿಗ್ರಿ ಬೇಕಿಲ್ಲ. ಪೆಟ್ರೋಲ್ ಆವಿಯಾಗುವಾಗ, ಗಾಳಿ ವೆಂಚುರಿಯಲ್ಲಿ (ಕಾರ್ಬುರೇಟರಿನ ಕಿರಿದಾದ ಕುತ್ತಿಗೆ) ಹಿಗ್ಗುವಾಗ ಒಳಗಿನ ಉಷ್ಣಾಂಶ 20 ಡಿಗ್ರಿಗೂ ಹೆಚ್ಚು ಕುಸಿಯಬಲ್ಲದು. ನಂದಿಬೆಟ್ಟದ ಸುತ್ತ ಮಂಜು ಮುಸುಕಿದ ಬೆಳಗು, 15 ಡಿಗ್ರಿ, ತೇವ ತುಂಬಿದ ಗಾಳಿ: ಗಡ್ಡೆ ಕಟ್ಟಲು ಇದಕ್ಕಿಂತ ಹೇಳಿಮಾಡಿಸಿದ ಹವೆ ಇಲ್ಲ. ಇಳಿಯಲು ಥ್ರಾಟಲ್ ಮುಚ್ಚಿದಾಗ ಸದ್ದಿಲ್ಲದೆ ಕಟ್ಟಿ, ಮತ್ತೆ ಶಕ್ತಿ ಬೇಕಾದಾಗ ಎಂಜಿನ್ ಸ್ಪಂದಿಸುವುದಿಲ್ಲ.

ಎಕ್ಸಾಸ್ಟ್ ಪೈಪಿನ ಸುತ್ತ 200 ಮಿ.ಮೀ. ಉದ್ದದ ತೆಳು ಸ್ಟೀಲ್ ಕವಚ ಸುತ್ತಿ, ಅಲ್ಲಿಂದ 50 ಮಿ.ಮೀ. ಮೆತುಪೈಪಿನಲ್ಲಿ ಬಿಸಿಗಾಳಿ ತಂದರೆ ಜಾಗ ಹೆಚ್ಚು ಬೇಕಾಗದು. ಮುಕ್ಕಾಲು ಶಕ್ತಿಯಲ್ಲಿ ಓಡಿಸಿ, ಕಾರ್ಬುರೇಟರ್ ಬಾಯಲ್ಲಿ ಥರ್ಮೋಕಪಲ್ (ಉಷ್ಣಾಂಶ ಅಳೆಯುವ ತಂತಿ) ಇಟ್ಟು ಬಿಸಿಗಾಳಿಯ ಹಿಡಿ ಎಳೆಯಿರಿ. ಉಷ್ಣಾಂಶ 50 ಡಿಗ್ರಿ ಏರಬೇಕು. ಕಡಿಮೆ ಬಂದರೆ ಕವಚದೊಳಗಿನ ಪೈಪಿಗೆ ಸ್ಪ್ರಿಂಗ್ ಸುರುಳಿ ಸುತ್ತಿ ಮೈ ಹೆಚ್ಚಿಸಿ. ತಿರುಗುವ ಬಾಗಿಲಿನ ಪಿನ್ನಿಗೆ ಪಾಪ್ ರಿವೆಟ್ ಬಳಸಬೇಡಿ, ಸಡಿಲವಾಗಿ ಕಳಚಿದ ತುಂಡು ನೇರ ಇಂಟೇಕಿಗೆ ಹೋಗುತ್ತದೆ.

ಇದರ ಜೊತೆಗೇ ಇಂಧನ ಹರಿವನ್ನೂ ಪರೀಕ್ಷಿಸಿ. ಕಾರ್ಬುರೇಟರ್ ಸ್ಥಳ ಬದಲಿಸಿದವರೆಲ್ಲ ಇದನ್ನು ಮಾಡಲೇಬೇಕು. ಗುರುತ್ವದಿಂದ ಹರಿಯುವ ವ್ಯವಸ್ಥೆಯಲ್ಲಿ ಪೂರ್ಣ ಥ್ರಾಟಲ್ ಬಳಕೆಯ ಒಂದೂವರೆ ಪಟ್ಟು ಬರಬೇಕು. ಗಂಟೆಗೆ 16 ಲೀಟರ್ ಕುಡಿಯುವ ಎಂಜಿನ್ನಿಗೆ 24 ಲೀಟರ್, ಅಂದರೆ ಐದು ನಿಮಿಷಕ್ಕೆ 2 ಲೀಟರ್. ವಿಮಾನದ ಬಾಲ ತಗ್ಗಿಸಿ, ಏರುವಾಗಿನ ಅತಿ ಹೆಚ್ಚಿನ ಕೋನದಲ್ಲಿ ಮೂಗು ಎತ್ತಿ ನಿಲ್ಲಿಸಿ, ಟ್ಯಾಂಕಿನಲ್ಲಿ ತಳಮಟ್ಟದ ಪೆಟ್ರೋಲ್ ಮಾತ್ರ ಬಿಟ್ಟು, ಕಾರ್ಬುರೇಟರ್ ಪೈಪ್ ಬಿಚ್ಚಿ ಅಳತೆ ಕ್ಯಾನಿಗೆ ಹಿಡಿಯಿರಿ. ಸುತ್ತ ಸ್ಪಾರ್ಕ್ ಆಗುವಂಥದ್ದು ಏನೂ ಇರಬಾರದು, ಕ್ಯಾನಿಗೂ ವಿಮಾನಕ್ಕೂ ಅರ್ಥ್ ತಂತಿ ಇರಲಿ. ಎರಡು ಲೀಟರ್ ಬಾರದಿದ್ದರೆ ಮೊದಲು ಟ್ಯಾಂಕಿನ ಗಾಳಿತೂತು, ಆಮೇಲೆ ಫಿಲ್ಟರ್, ಕೊನೆಗೆ ಪೈಪಿನ ಮೇಲ್ಮುಖ ಡೊಂಕುಗಳನ್ನು ನೋಡಿ. ಅಂಥ ಡೊಂಕಿನಲ್ಲಿ ಗಾಳಿ ನಿಂತು ಹರಿವು ಕಟ್ಟುತ್ತದೆ. ಟ್ಯಾಂಕಿನಿಂದ ಕಾರ್ಬುರೇಟರಿನವರೆಗೂ ಪೈಪ್ ಸತತವಾಗಿ ಇಳಿಜಾರಾಗಿರಬೇಕು.